ಪೆನ್ನು, ನೀರು, ಬಣ್ಣ: ಮುಖ ಬರೆಯುವ ಹವ್ಯಾಸ

ಬಸ್ ನಿಲ್ದಾಣದಲ್ಲಿ ಎದುರಿಗೆ ಕುಳಿತವರ ಮುಖವನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಮೊಬೈಲಿನಲ್ಲಿ ಸರಿಯಾಗಿ ನೋಡದೆಯೂ ಫೋಟೊ ತೆಗೆಯಬಹುದು. ಆದರೆ ನೋಡದೆ ಚಿತ್ರ ಬರೆಯಲಾಗದು. ವ್ಯಕ್ತಿಚಿತ್ರ ಬರೆಯುವ ಹವ್ಯಾಸದ ಮೊದಲ ಲಾಭವೇ ಇದು.

ಮೊದಲು ಅಳತೆಯನ್ನು ತಿಳಿಯೋಣ. ಕನ್ನಡಿಯ ಮುಂದೆ ಸ್ಕೇಲು ಹಿಡಿದು ನಿಲ್ಲಿ. ನೆತ್ತಿಯಿಂದ ಗಲ್ಲದವರೆಗಿನ ಎತ್ತರದಲ್ಲಿ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವೆ ಇರುತ್ತವೆ. ಹೊಸಬರು ಕಣ್ಣು, ಮೂಗು, ಬಾಯಿಗಳನ್ನಷ್ಟೇ ಗಮನಿಸಿ ತಲೆಯ ಮೇಲ್ಭಾಗವನ್ನು ಕುಗ್ಗಿಸಿಬಿಡುತ್ತಾರೆ. ಎರಡು ಕಣ್ಣುಗಳ ನಡುವೆ ಸುಮಾರು ಇನ್ನೊಂದು ಕಣ್ಣಿನಷ್ಟು ಜಾಗವಿರುತ್ತದೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಕೆಳತುದಿಯ ಮಟ್ಟದವರೆಗೆ ಬರುತ್ತದೆ. ಇದು ಸರಾಸರಿ ಲೆಕ್ಕ ಮಾತ್ರ. ನಿಮ್ಮೆದುರು ಕುಳಿತವರು ಈ ಲೆಕ್ಕಕ್ಕಿಂತ ಎಲ್ಲಿ ಬೇರೆಯಾಗಿದ್ದಾರೆ ಎಂದು ಹುಡುಕಿದರೆ ಹೋಲಿಕೆ ತಾನಾಗಿ ಬರುತ್ತದೆ.

ಇನ್ನು ಶಾಯಿಯ ವಿಷಯ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಒಂದು ರಜೆಯಲ್ಲಿ, ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಚಿತ್ರವನ್ನು ಫೌಂಟನ್ ಪೆನ್ನಿನಿಂದ ಬರೆದೆ. ಮೇಲೆ ನೀರುಬಣ್ಣ ಹಚ್ಚಿದೊಡನೆ ಗೆರೆಗಳೆಲ್ಲ ಕರಗಿ ಮುಖ ನೀಲಿಯಾಯಿತು. “ನನ್ನನ್ನು ಕೃಷ್ಣನ ಹಾಗೆ ಮಾಡಿಬಿಟ್ಟೆಯಲ್ಲೋ!” ಎಂದು ಅಜ್ಜಿ ನಕ್ಕರು. ಪ್ರಯೋಗಾಲಯದಲ್ಲಿ ಶೋಧಕ ಕಾಗದದ ಮೇಲೆ ಶಾಯಿಯ ಬಣ್ಣಗಳನ್ನು ಬೇರ್ಪಡಿಸಿದ್ದ ನನಗೆ ಕಾರಣ ಮೊದಲೇ ಹೊಳೆಯಬೇಕಿತ್ತು. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿಯಲ್ಲಿರುವುದು ನೀರಿನಲ್ಲಿ ಕರಗುವ ಬಣ್ಣ. ಜಲನಿರೋಧಕ ಇಂಡಿಯನ್ ಇಂಕಿನಲ್ಲಿರುವುದು ಇಂಗಾಲದ ಸೂಕ್ಷ್ಮ ಕಣಗಳು; ಜೊತೆಗಿರುವ ಅರಗಿನಂಥ ಅಂಟು ಒಣಗಿದ ಮೇಲೆ ಅವು ಕದಲುವುದಿಲ್ಲ. ಆದರೆ ಇದನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ, ಕಟ್ಟಿಕೊಳ್ಳುತ್ತದೆ. ಅದ್ದಿ ಬರೆಯುವ ನಿಬ್ಬು ಬಳಸಿ.

ನೀರುಬಣ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿ ಮತ್ತು ಗೋಂದು. ತೆಳುವಾಗಿ ಹಚ್ಚಿದಾಗ ಬೆಳಕು ಬಣ್ಣದ ಮೂಲಕ ಹಾದು, ಬಿಳಿ ಕಾಗದಕ್ಕೆ ಬಡಿದು ಮರಳಿ ಕಣ್ಣಿಗೆ ಬರುತ್ತದೆ. ಆದ್ದರಿಂದ ಇಲ್ಲಿ ಕಾಗದವೇ ಬಿಳಿ ಬಣ್ಣ. ಮೂಗಿನ ಮೇಲಿನ ಹೊಳಪನ್ನು ಹಾಗೆಯೇ ಬಿಟ್ಟು, ತಿಳಿಯಿಂದ ಗಾಢಕ್ಕೆ ಸಾಗಿ. ತೆಳು ಕಾಗದದ ನಾರುಗಳು ನೀರು ಕುಡಿದು ಹಿಗ್ಗಿ ಸುಕ್ಕಾಗುತ್ತವೆ. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಉತ್ತಮ. ಪೆಟ್ಟಿಗೆಯಲ್ಲಿನ ಯಾವ ಒಂದು ಬಣ್ಣವೂ ಎಲ್ಲರ ಮೈಬಣ್ಣಕ್ಕೆ ಹೊಂದದು. ಹಳದಿ ಕಾವಿಗೆ ಕೆಂಗಂದು ಬೆರೆಸಿ ನೋಡಿ. ನೆರಳಿಗೆ ಕಪ್ಪಿನ ಬದಲು ತುಸು ನೀಲಿ ಸೇರಿಸಿ.

ಕೂರುವವರನ್ನು ಕಿಟಕಿಯ ಪಕ್ಕ ಕೂರಿಸಿ. ಸ್ಟುಡಿಯೋದಲ್ಲಿ ನಾವು ಮುಖ್ಯ ದೀಪವನ್ನು ಒಂದು ಪಕ್ಕಕ್ಕೆ ಇಡುವುದೂ ಇದಕ್ಕಾಗಿಯೇ. ಒಂದು ಕಡೆಯಿಂದ ಬೆಳಕು ಬಿದ್ದರೆ ಮುಖದ ಉಬ್ಬುತಗ್ಗು ಸ್ಪಷ್ಟವಾಗುತ್ತದೆ.

ಒಳ್ಳೆಯ ಗೆರೆಯನ್ನು ಕಾಣಲು ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ನೋಡಿ. ನೀರುಬಣ್ಣದ ಸಂಯಮಕ್ಕೆ ಕೆ. ವೆಂಕಟಪ್ಪನವರ (1886–1965) ನಿಸರ್ಗಚಿತ್ರಗಳಿವೆ. ಬೆಂಗಳೂರಿನ ಚಿತ್ರಸಂತೆಗೆ ಹೋದರೆ, ಬೀದಿಯಲ್ಲೇ ಕುಳಿತು ಕೆಲವೇ ನಿಮಿಷಗಳಲ್ಲಿ ಮುಖ ಬರೆಯುವ ಕಲಾವಿದರನ್ನು ಕಾಣುವಿರಿ. ಅವರ ಕಣ್ಣು ಕಾಗದಕ್ಕಿಂತ ಎದುರಿನ ಮುಖದ ಮೇಲೆ ಎಷ್ಟು ಹೊತ್ತು ಇರುತ್ತದೆಂದು ಗಮನಿಸಿ.

ದಿನಕ್ಕೆ ಹತ್ತು ನಿಮಿಷ, ಒಂದು ಮುಖ. ಒಂದು ತಿಂಗಳು ಹೀಗೆ ಮಾಡಿ. ಅಪರಿಚಿತರಾದರೆ ಅನುಮತಿ ಕೇಳಿ. ಚಿತ್ರದ ಕೆಳಗೆ ತಾರೀಖು ಹಾಕಿ. ಕೆಟ್ಟುಹೋದ ಚಿತ್ರವನ್ನು ಹರಿಯದೆ ಇಟ್ಟುಕೊಳ್ಳಿ. ನಿಮ್ಮ ಪ್ರಗತಿಗೆ ಅದೇ ಸಾಕ್ಷಿ.

ಮರುದಿನ ಅಜ್ಜಿ ಮತ್ತೆ ಕುಳಿತರು. ಈ ಬಾರಿ ಗೆರೆ ಕರಗಲಿಲ್ಲ, ಮೂಗು ಮಾತ್ರ ಸ್ವಲ್ಪ ಉದ್ದವಾಯಿತು. ಈಗ ಅಜ್ಜಿ ಇಲ್ಲ. ಅವರ ಫೋಟೊಗಳು ಮನೆಯಲ್ಲಿ ಹಲವಿವೆ. ಆದರೆ ಅವರ ಎಡಹುಬ್ಬಿನ ಮೇಲೊಂದು ಸಣ್ಣ ಗಾಯದ ಗುರುತಿತ್ತೆಂದು ನಾನು ಮೊದಲು ಕಂಡದ್ದು ಆ ಅರ್ಧ ಗಂಟೆಯಲ್ಲಿ. ನಿಮ್ಮ ಮನೆಯ ಹಿರಿಯರನ್ನು ಇಂದೇ ಕಿಟಕಿಯ ಬಳಿ ಕೂರಿಸಿ, ಪೆನ್ನು ಹಿಡಿಯಿರಿ.