ಕೊಲ್ಲದೆ ಕರೆಯುವ ಬಣ್ಣ

ರೋಮಿನ ಚಕ್ರವರ್ತಿಗಳು ಹೊದ್ದ ನೇರಳೆ ವಸ್ತ್ರದ ಮಾತನ್ನು ನಾವೆಲ್ಲರೂ ಇತಿಹಾಸದಲ್ಲಿ ಓದಿದ್ದೇವೆ. ಆ ಬಣ್ಣವು ಮೆಡಿಟರೇನಿಯನ್ ಕಡಲಿನ ಬಸವನಹುಳುಗಳದು. ಅದಕ್ಕಾಗಿ ಹುಳುಗಳನ್ನು ರಾಶಿರಾಶಿಯಾಗಿ ಜಜ್ಜಿ ಕೊಲ್ಲುತ್ತಿದ್ದರು. 1909ರಲ್ಲಿ ಪಾಲ್ ಫ್ರೀಡ್‌ಲ್ಯಾಂಡರ್ ಎಂಬ ರಸಾಯನಶಾಸ್ತ್ರಜ್ಞನಿಗೆ 12,000 ಹುಳುಗಳಿಂದ ದೊರೆತ ಶುದ್ಧ ವರ್ಣದ್ರವ್ಯ ಕೇವಲ 1.4 ಗ್ರಾಂ!

ಕೊಲ್ಲದೆಯೇ ಇಂಥ ಬಣ್ಣವನ್ನು ಪಡೆಯುವ ಜನರೂ ಉಂಟು. ಮೆಕ್ಸಿಕೋದ ಶಾಂತಸಾಗರ ತೀರದಲ್ಲಿ, ಅಲೆ ಅಪ್ಪಳಿಸುವ ಬಂಡೆಗಳ ಮೇಲೆ ಪ್ಲೈಕೋಪರ್ಪ್ಯುರಾ ಪ್ಯಾನ್ಸಾ ಎಂಬ ಬಸವನಹುಳು ವಾಸಿಸುತ್ತದೆ. ವಹಾಕಾ ಪ್ರಾಂತದ ಪಿನೋತೇಪಾ ದೆ ದೋನ್ ಲೂಯಿಸ್ ಎಂಬ ಊರಿನ ಮಿಸ್ಟೆಕ್ ಜನರು ದೂರದ ವತುಲ್ಕೋ ಕೊಲ್ಲಿಗಳವರೆಗೆ ಹೋಗಿ ಇದನ್ನು ಹುಡುಕುತ್ತಾರೆ. ಕಡಲು ಇಳಿದಾಗ ಬಂಡೆಯ ಬಿರುಕಿನಿಂದ ಹುಳುವನ್ನು ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಅದರ ಪಾದವನ್ನು ಒತ್ತುತ್ತಾರೆ. ಮೊದಲು ನೀರು, ಅನಂತರ ಹಾಲಿನಂತಹ ರಸ ಬರುತ್ತದೆ. ಇದಕ್ಕೆ 'ಕರೆಯುವುದು' ಎಂಬ ನಮ್ಮ ಮಾತೇ ಸರಿ. ಕೈಗೆ ಸುತ್ತಿಕೊಂಡ ಹತ್ತಿಯ ನೂಲಿಗೆ ಆ ರಸವನ್ನು ನೇರವಾಗಿ ಒರಸುತ್ತಾರೆ. ಕುದಿಸುವುದಿಲ್ಲ, ಪಟಿಕ ಬೇಕಿಲ್ಲ. ಗಾಳಿ ಬೆಳಕು ತಾಗಿದಂತೆ ಬಿಳುಪು ಹಳದಿಯಾಗಿ, ಹಳದಿ ಹಸುರಾಗಿ, ಕಡೆಗೆ ನೇರಳೆಯಾಗಿ ನಿಲ್ಲುತ್ತದೆ. ಒಗೆದರೆ ಹೋಗದು, ಕಡಲಿನ ನಾತವೂ ಸುಲಭವಾಗಿ ಹೋಗದಂತೆ! ಕರೆದ ಹುಳುವನ್ನು ಒದ್ದೆಯಾದ ನೆರಳಿನ ಸಂದಿಗೆ ಮತ್ತೆ ಅಂಟಿಸುತ್ತಾರೆ. ಬಿಸಿಲಲ್ಲಿ ಬಿಟ್ಟರೆ ಅದು ಸಾಯುತ್ತದೆ. ಅದೇ ಬಂಡೆಗೆ ಮರಳುವುದು ಒಂದು ಚಾಂದ್ರಮಾಸ ಕಳೆದ ಮೇಲೆ.

ಈ ನೂಲಿನಿಂದ ಹೆಂಗಸರು ಪೊಸಹುವಾಂಕೋ ಎಂಬ ಪಟ್ಟೆಯ ಉಡುಗೆಯನ್ನು ನೇಯುತ್ತಾರೆ. ಅದರಲ್ಲಿ ನೀಲಿಯು ಗಿಡದ್ದು, ಕೆಂಪು ಪಾಪಾಸುಕಳ್ಳಿಯ ಮೇಲಿನ ಕೀಟದ್ದು, ನೇರಳೆ ಈ ಹುಳುವಿನದು.

1980ರ ದಶಕದಲ್ಲಿ ಜಪಾನಿನ ಒಂದು ಕಂಪೆನಿ ಕೂಲಿಗಳನ್ನಿಟ್ಟು ಇದೇ ಕೆಲಸ ಮಾಡಿಸಿತು. ಆ ಕೂಲಿಗಳಿಗೆ ಚಂದ್ರನ ಲೆಕ್ಕವಿರಲಿಲ್ಲ. ಬಿಡುವಿಲ್ಲದೆ ಕರೆದರು, ಹುಳುಗಳು ರಾಶಿಯಾಗಿ ಸತ್ತವು. ಮಿಸ್ಟೆಕ್ ಬಣ್ಣಗಾರರು ದೂರು ಕೊಟ್ಟರು. 1988ರಲ್ಲಿ ಮೆಕ್ಸಿಕೋ ಸರಕಾರವು ಈ ಹುಳುವಿಗೆ ರಕ್ಷಣೆ ಕೊಟ್ಟು, ಬಣ್ಣ ತೆಗೆಯುವ ಅಧಿಕಾರವನ್ನು ಸಾಂಪ್ರದಾಯಿಕ ಬಣ್ಣಗಾರರಿಗೆ ಉಳಿಸಿತು. ಸರಕಾರವು ವಿದ್ವಾಂಸರ ಜೊತೆಗೆ ಅಕ್ಷರ ಕಲಿಯದವರ ಅರಿವನ್ನೂ ಮನ್ನಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೂ ಮಾಂಸಕ್ಕಾಗಿ ಕದ್ದು ಹಿಡಿಯುವವರು ನಿಂತಿಲ್ಲ. ಹುಳು ವಿರಳವಾದಂತೆ ಒಂದು ಲಡಿ ನೂಲಿಗೆ ಹೆಚ್ಚು ಬಂಡೆಗಳನ್ನು ಹತ್ತಬೇಕಾಗಿದೆ. ಈಗ ಈ ಕೆಲಸಕ್ಕೆ ಹೋಗುವವರು ಆ ಊರಿನಲ್ಲಿ ಕೆಲವೇ ಮಂದಿ.