ಊರಿನಿಂದ ಬಂದದ್ದು ಊರಿಗೆ

ಬೆಳಗಿನ ಐದೂವರೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟಿನ ಮುಂದೆ ಸ್ಕೂಟರುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಮಂಕಿಟೋಪಿ ತೊಟ್ಟವರು, ಸೀರೆಯ ಮೇಲೆ ಸ್ವೆಟರ್ ಏರಿಸಿ ಕಾಲಿಗೆ ಕ್ಯಾನ್ವಾಸ್ ಶೂ ಸಿಕ್ಕಿಸಿಕೊಂಡವರು, ಪಂಚೆ ಎತ್ತಿ ಕಟ್ಟಿ ಬರಿಗಾಲಲ್ಲೇ ನಡೆಯುವವರು, ಎಲ್ಲರೂ ಏರಿಯ ಮೇಲಿನ ಮಣ್ಣುದಾರಿ ಹಿಡಿಯುತ್ತಾರೆ. ನೀವೂ ಜೊತೆಗೆ ಹೆಜ್ಜೆ ಹಾಕಿ. ನೀರಿನ ಮೇಲೆ ಇನ್ನೂ ಮಂಜು ಕೂತಿದೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ದೊಡ್ಡ ರೆಕ್ಕೆ ಬಡಿದು ಜಾಗ ಬದಲಿಸುತ್ತಿವೆ, ನೀರುಕಾಗೆಗಳು ಒಣಕೊಂಬೆಯ ತುದಿಯಲ್ಲಿ ರೆಕ್ಕೆ ಹರವಿಕೊಂಡು ಬಿಸಿಲಿಗೆ ಕಾಯುತ್ತಿವೆ. ಒದ್ದೆ ಮಣ್ಣು, ಪಾಚಿ, ಹಕ್ಕಿಯ ಹಿಕ್ಕೆ, ಕೊಳೆತ ಎಲೆ ಎಲ್ಲದರ ವಾಸನೆ ಬೆರೆತು ಗಾಳಿ ಒಂಚೂರು ಭಾರವಾಗಿದೆ. ಮುಂದೆ ಹೋಗುತ್ತಿರುವ ನಾಲ್ವರು ನಿವೃತ್ತರು ಡಿಎ ಬಾಕಿಯಿಂದ ಶುರುಮಾಡಿ, ರಾಜ್ಯ ರಾಜಕೀಯವನ್ನು ಒಂದು ಸುತ್ತು ಹಾಕಿ, ಈಗ ಮಂಡಿನೋವಿಗೆ ಬಂದು ತಲುಪಿದ್ದಾರೆ. ಕೆರೆಯಾಚೆ ರೈಲ್ವೆ ಗೇಟು ಬಿದ್ದ ಸದ್ದು, ಅದರ ಹಿಂದೆಯೇ ರೈಲಿನ ಉದ್ದನೆಯ ಸಿಳ್ಳು. ಮಾತು ಅರೆಗಳಿಗೆ ನಿಂತು ಮತ್ತೆ ಮುಂದುವರಿಯುತ್ತದೆ.

ಈ ಕೆರೆಯನ್ನು ನೋಡಿಕೊಳ್ಳುವುದು ಮೈಸೂರು ವಿಶ್ವವಿದ್ಯಾನಿಲಯ ಎಂಬುದು ಇಲ್ಲಿ ನಡೆಯುವ ಎಷ್ಟೋ ಜನರ ನೆನಪಿಗೇ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದನ್ನು ಕಟ್ಟಿಸಿದ್ದು ಊರಾಚೆಯ ಗದ್ದೆಗಳಿಗೆ ನೀರುಣಿಸಲು. ಗದ್ದೆಗಳು ಹೋದವು, ಬಡಾವಣೆಗಳು ಬಂದವು, ಕೆರೆ ಉಳಿಯಿತು. ಸುಮಾರು ಐದು ಕಿಲೋಮೀಟರಿನ ದಡವನ್ನು ಒಂದು ಸುತ್ತು ಹಾಕಿ ಬೆವರೊರೆಸಿಕೊಳ್ಳುವವರಿಗೆ ಇದು ಬಿಟ್ಟಿ ಆಸ್ಪತ್ರೆ. ಹಕ್ಕಿ ಎಣಿಸಲು ದುರ್ಬೀನು ಹಿಡಿದು ಬರುವ ಹುಡುಗರಿಗೆ ಇದೇ ಪ್ರಯೋಗಶಾಲೆ. ಕುವೆಂಪು ಇಲ್ಲಿ ನಡೆದಾಡಿದ್ದಾರೆ, ಆರ್.ಕೆ. ನಾರಾಯಣ್ ನಡೆದಾಡಿದ್ದಾರೆ. ಊರು ಉಬ್ಬಿದಂತೆಲ್ಲ ಚರಂಡಿ ನೀರು ಕೆರೆಯ ದಾರಿ ಹುಡುಕಿಕೊಂಡು ಬಂದದ್ದೂ ನಿಜ. ಆಗ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿದ ಪ್ರಾಧ್ಯಾಪಕರೂ ದಡದಲ್ಲಿ ನಿಂತು ದನಿಯೆತ್ತಿದ ವಾಕಿಂಗ್ ಮಂದಿಯೂ ಒಂದೇ ಪಕ್ಷದವರಾಗಿದ್ದರು.

ಕೆರೆಯ ಪಕ್ಕದಲ್ಲೇ ಮಾನಸಗಂಗೋತ್ರಿ. ಊರವರ ಬಾಯಲ್ಲಿ ಬರೀ ‘ಗಂಗೋತ್ರಿ’. 1960ರಲ್ಲಿ ಕುವೆಂಪು ಕುಲಪತಿಯಾಗಿದ್ದಾಗ ಅವರೇ ಇಟ್ಟ ಹೆಸರು. ಒಂಬತ್ತರ ಹೊತ್ತಿಗೆ ಸಿಟಿ ಬಸ್ಸುಗಳು ಇಲ್ಲಿ ಹುಡುಗ ಹುಡುಗಿಯರನ್ನು ಇಳಿಸಿ ಹೋಗುತ್ತವೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಬಾಯಲ್ಲಿ ನಂಜನಗೂಡಿನ, ಕೆ.ಆರ್. ಪೇಟೆಯ, ಕೊಳ್ಳೇಗಾಲದ ಕನ್ನಡ. ಮರಗಳ ನೆರಳಿನಲ್ಲಿ ದಾರಿ ಇಳಿದು ಏರಿ ಸಾಗಿದರೆ ಎದುರಿಗೆ ಜಯಲಕ್ಷ್ಮೀ ವಿಲಾಸ ಎದ್ದು ನಿಲ್ಲುತ್ತದೆ. ಸಾಲುಗಂಬ, ಕೆತ್ತನೆಯ ಬಾಗಿಲು, ಬಣ್ಣದ ಗಾಜಿನ ಗುಮ್ಮಟವಿರುವ ಕಲ್ಯಾಣಮಂಟಪ. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಅರಮನೆ ಇದು. ಇಷ್ಟು ದೊಡ್ಡ ಮನೆಯೊಳಗೆ ಸಿಂಹಾಸನ, ಚಿನ್ನದ ಕುರ್ಚಿ ಇದ್ದೀತು ಎಂದುಕೊಂಡು ಬಂದವರ ಕಣ್ಣಿಗೆ ಬಿದ್ದದ್ದು ರಾಗಿಕಲ್ಲು.

1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರುವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಹಳ್ಳಿ ತಿರುಗಿ, ಹಿತ್ತಿಲಲ್ಲಿ ಬಿದ್ದಿದ್ದನ್ನು, ಅಟ್ಟದಲ್ಲಿ ದೂಳು ತಿನ್ನುತ್ತಿದ್ದನ್ನು ಕೇಳಿ ತಂದರು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಹಾಡುಗಾರರ ಜಗುಲಿಯಲ್ಲಿ ಕೂತು ಅವರ ಬಾಯಿಂದ ಹಾಡು, ಕತೆ ಬರೆದುಕೊಂಡರು. ಹಾಗೆ ಬಂದು ಸೇರಿದ್ದು ನೇಗಿಲು, ಕೂರಿಗೆ, ಒನಕೆ, ಎತ್ತಿನ ಕೊರಳ ಗಂಟೆ, ತೊಗಲುಗೊಂಬೆ, ಯಕ್ಷಗಾನದ ಕಿರೀಟ. ಸೋಮನ ಕುಣಿತದ ಮುಖವಾಡವೊಂದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಕೆಂಪು ಬಳಿದ ಅಗಲ ಮುಖ, ಹೊರಚಾಚಿದ ಕಣ್ಣುಗುಡ್ಡೆ, ದಪ್ಪ ಮೀಸೆ. ಊರ ಹಬ್ಬದಲ್ಲಿ ಇದನ್ನು ಹೊತ್ತು ಕುಣಿಯುವವನ ಬೆವರು, ಸುತ್ತ ಏಳುವ ದೂಳು, ತಮಟೆಯ ಏಟು ಇವೆಲ್ಲ ಗೋಡೆಗೆ ಒರಗಿದ ಮರದ ತುಂಡಿನಲ್ಲಿ ಎಲ್ಲಿಂದ ಸಿಗಬೇಕು? ಆದರೂ ಮೂಗಿನ ತುದಿಯಲ್ಲಿ ಬಣ್ಣ ಸವೆದು ಮರ ಕಾಣುವ ಜಾಗದಲ್ಲಿ ಎಷ್ಟೋ ಕೈಗಳು ಮುಟ್ಟಿ ನಮಸ್ಕರಿಸಿದ ಗುರುತಿದೆ.

ಇಂಥ ಕಡೆ ಒಳ್ಳೆಯ ಮಾರ್ಗದರ್ಶಿ ಎಂದರೆ ಮೊಮ್ಮಕ್ಕಳ ಜೊತೆ ಬಂದ ಅಜ್ಜಿ. “ನಮ್ಮನೇಲೂ ಇತ್ತು ಕಣೋ, ಮಿಲ್ಲು ಬಂದ್ಮೇಲೆ ಹಿತ್ಲಿಗೆ ಹೋಯ್ತು” ಎಂದು ರಾಗಿಕಲ್ಲಿನ ಗೂಟ ಹಿಡಿಯಲು ಕೈ ಚಾಚುತ್ತಾಳೆ. ಪಾವು, ಸೇರು, ಬಳ್ಳ, ಕೊಳಗ ಸಾಲಾಗಿ ಇಟ್ಟಿರುವ ಕಡೆ ಅವಳ ಪಾಠ ಇನ್ನೂ ಜೋರು. ನಾಲ್ಕು ಬಳ್ಳಕ್ಕೊಂದು ಕೊಳಗ, ಇಪ್ಪತ್ತು ಕೊಳಗಕ್ಕೊಂದು ಖಂಡುಗ. ಲೀಟರು, ಕಿಲೋ ಬಿಟ್ಟು ಬೇರೆ ಅಳತೆ ಕೇಳಿರದ ಮೊಮ್ಮಗ ಬೆರಳು ಮಡಚುತ್ತಾನೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ವಿಶ್ವವಿದ್ಯಾನಿಲಯದ ಸೂರಿನಡಿ ಮೇಷ್ಟ್ರಾಗುವುದು ಇಲ್ಲಿ ಮಾತ್ರ ಸಾಧ್ಯ. ಕಟ್ಟಡಕ್ಕೆ ವಯಸ್ಸಾಗಿದೆ, ಮಳೆ ಸೋರಿದೆ, ದುರಸ್ತಿಗೆಂದು ಬಾಗಿಲು ಹಾಕಿಕೊಂಡ ಕಾಲವೂ ಇದೆ. ಬಾಗಿಲು ಮುಚ್ಚಿದಾಗ ನಷ್ಟವಾಗುವುದು ಸಂಶೋಧಕನಿಗಿಂತ ಆ ಅಜ್ಜಿಗೆ.

ಅಲ್ಲಿಂದ ನಗರದೊಳಕ್ಕೆ, ಕೃಷ್ಣರಾಜ ಬುಲೆವಾರ್ಡಿನ ಮರಗಳ ಕೆಳಗೆ ಬನ್ನಿ. ಹಳೆಯ ಜಿಲ್ಲಾಧಿಕಾರಿ ಕಚೇರಿಯ ಹತ್ತಿರ, 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ ಅಡಿಗಲ್ಲು ಹಾಕಿದ ಕಟ್ಟಡವಿದೆ. ಒಳಗಿರುವುದು ಪ್ರಾಚ್ಯವಿದ್ಯಾ ಸಂಶೋಧನಾಲಯ. ಹೊರಗಿನ ಆಟೋ ಹಾರನ್ನು ಹೊಸ್ತಿಲು ದಾಟುವಷ್ಟರಲ್ಲಿ ತಗ್ಗುತ್ತದೆ. ಮೊದಲು ಮೂಗಿಗೆ ಬರುವುದು ಹಳೇ ಕಾಗದ, ಹಳೇ ಮರದ ವಾಸನೆ, ಆಮೇಲೆ ನಿಂಬೆಹುಲ್ಲಿನ ಎಣ್ಣೆಯ ಘಾಟು. ಓಲೆಗರಿಗೆ ಹುಳು ಬೀಳದಂತೆ, ಒಣಗಿ ಮುರಿಯದಂತೆ ಕಾಪಾಡುವುದು ಆ ಎಣ್ಣೆಯೇ.

ಓಲೆಗರಿ ಶುಚಿ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಕಟ್ಟಿನ ದಾರ ಬಿಚ್ಚಿ, ಮೇಲೆ ಕೆಳಗೆ ಇರುವ ಮರದ ಹಲಗೆ ತೆಗೆದು, ಗರಿಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಮೆದು ಕುಂಚದಿಂದ ದೂಳು ಕೆಡವಿ, ಹತ್ತಿಯಲ್ಲಿ ಎಣ್ಣೆ ಅದ್ದಿ ಸವರುತ್ತಾರೆ. ಕಂಟವೆಂಬ ಚೂಪು ಕಡ್ಡಿಯಿಂದ ಕೊರೆದ ಅಕ್ಷರ ಮೊದಲಿಗೆ ಬರೀ ಗೀರು, ಕಣ್ಣಿಗೆ ಹಿಡಿಯುವುದಿಲ್ಲ. ಅದರ ಮೇಲೆ ಕಾಡಿಗೆ ತೀಡಿ, ಬಟ್ಟೆಯಿಂದ ಒರೆಸಿದಾಗ ಗೀರಿನೊಳಗೆ ಕಪ್ಪು ಉಳಿದು, ಸಾಲಿಗೆ ಸಾಲು ಬರಹ ಮೇಲಕ್ಕೆ ಎದ್ದು ಬರುತ್ತದೆ. ಅವಸರ ಮಾಡಿದರೆ ಗರಿಯ ಅಂಚು ಪುಡಿ. ಹಾಗಾಗಿ ಇಲ್ಲಿ ಎಲ್ಲರ ಕೈಯೂ ನಿಧಾನ, ಮಾತೂ ನಿಧಾನ.

ಈ ಮನೆ ಹುಟ್ಟಿದ್ದು 1891ರಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯವೇ ಹುಟ್ಟಿದ್ದು 1916ರ ಜುಲೈ 27ರಂದು. ಹಾಗೆ ನೋಡಿದರೆ ಮಗುವಿಗಿಂತ ತೊಟ್ಟಿಲಿಗೆ ಇಪ್ಪತ್ತೈದು ವರ್ಷ ಹೆಚ್ಚು. ಪಂಡಿತರ ಮನೆಗಳಿಂದ, ಮಠಗಳಿಂದ ಓಲೆಗಳ ಕಟ್ಟು ಇಲ್ಲಿಗೆ ಬರುತ್ತಿದ್ದ ಆ ಮೊದಲ ವರ್ಷಗಳಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಕಟ್ಟು ತಂದು ಒಪ್ಪಿಸಿ ಹೋದರು. ಗ್ರಂಥ ಲಿಪಿಯಲ್ಲಿದ್ದ ಆ ಗರಿಗಳನ್ನು ಬಿಡಿಸಿ ಓದಿದವರು ಕಾವೇರಿ ದಡದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು, ಇದೇ ಗ್ರಂಥಾಲಯದ ಅಧಿಕಾರಿ. ಓದುತ್ತ ಹೋದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ತಿಳಿಯಿತು. ಬೇರೆ ಗ್ರಂಥಗಳಲ್ಲಿ ಹೆಸರು ಮಾತ್ರ ಕಾಣಿಸಿಕೊಂಡು, ಇಡೀ ಪುಸ್ತಕ ಕಳೆದೇಹೋಯಿತು ಎಂದು ವಿದ್ವಾಂಸರು ಕೈಬಿಟ್ಟಿದ್ದ ಗ್ರಂಥವದು. 1905ರಿಂದ ಅದರ ಭಾಗಗಳನ್ನು ಅನುವಾದಿಸಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತೀಯರಿಗೆ ವೇದಾಂತ ಬಿಟ್ಟರೆ ಲೌಕಿಕ ಗೊತ್ತಿರಲಿಲ್ಲ ಎನ್ನುತ್ತಿದ್ದವರ ಬಾಯಿ ಅಲ್ಲಿಗೆ ಕಟ್ಟಿತು. ಕೆರೆ ಕಟ್ಟೆ, ದನಕರು, ಸುಂಕ, ಉಗ್ರಾಣ ಎಲ್ಲವೂ ಅದರಲ್ಲಿವೆ. ಅಳತೆ ತೂಕಕ್ಕೇ ಒಂದು ಅಧ್ಯಾಯವಿದೆ. ಜಯಲಕ್ಷ್ಮೀ ವಿಲಾಸದ ಅಜ್ಜಿ ಕೇಳಿಸಿಕೊಂಡರೆ ತಲೆದೂಗುತ್ತಿದ್ದಳು.

ತಂದುಕೊಟ್ಟ ಪಂಡಿತರ ಹೆಸರು ಚರಿತ್ರೆಯಲ್ಲಿ ನಿಲ್ಲಲಿಲ್ಲ. ರಾಗಿಕಲ್ಲು ಕೊಟ್ಟ ಮನೆಯವರದ್ದೂ ಅಷ್ಟೆ, ರಾತ್ರಿಯಿಡೀ ಹಾಡಿ ಬರೆಸಿದವರಲ್ಲಿ ಎಷ್ಟೋ ಜನರದ್ದೂ ಅಷ್ಟೆ. ವಿಶ್ವವಿದ್ಯಾನಿಲಯದ ಆಸ್ತಿ ಎಂದು ನಾವು ಹೇಳುವ ಬಹುಪಾಲು ಹೀಗೆ ಊರ ಜನ ನಂಬಿ ಕೊಟ್ಟದ್ದು. ನಂಬಿ ಕೊಟ್ಟದ್ದಕ್ಕೆ ಬಡ್ಡಿ ಸೇರಿಸಿ ಹಿಂದಿರುಗಿಸಬೇಕೆಂದು ಹೊರಟ ಮೇಷ್ಟ್ರುಗಳೂ ಇಲ್ಲಿದ್ದರು.

ಅಂಥವರಲ್ಲಿ ಒಬ್ಬರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಕಾಲೇಜಿನಲ್ಲಿ ಪಾಠ ಮುಗಿಸಿ ಒಂಟಿಕೊಪ್ಪಲಿನ ಮನೆಗೆ ಬಂದರೆ ಅವರ ಇನ್ನೊಂದು ಉದ್ಯೋಗ ಶುರುವಾಗುತ್ತಿತ್ತು. 1935ರ ಸೆಪ್ಟೆಂಬರಿನಲ್ಲಿ ಅದೇ ಮನೆಯಿಂದ, ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಅವರು ರೇಡಿಯೋ ಕೇಂದ್ರವನ್ನೇ ನಡೆಸತೊಡಗಿದರು. ಮನೆಯ ಕೋಣೆಯಲ್ಲಿ ವೀಣೆ ಶ್ರುತಿಗೆ ಬರುವುದು, ಮೈಕಿನ ಮುಂದೆ ಕೂತವರು ಗಂಟಲು ಸರಿಮಾಡಿಕೊಳ್ಳುವುದು, ಯಂತ್ರದ ಗುಂಯ್ ಸದ್ದು, ಪೆಟ್ಟಿಗೆಯ ಸುತ್ತ ಕೂತ ಬೀದಿಯ ಮಂದಿ ‘ಶ್’ ಎಂದು ಮಕ್ಕಳನ್ನು ಸುಮ್ಮನಿರಿಸುವುದು, ಅಂದಿನ ಮೈಸೂರಿನ ಸಂಜೆಗಳನ್ನು ಊಹಿಸಿಕೊಳ್ಳಲು ಇಷ್ಟು ಸಾಕು. ‘ಆಕಾಶವಾಣಿ’ ಎಂಬ ಆ ಕೇಂದ್ರವನ್ನು ಮುಂದೆ ಮೈಸೂರು ಸರ್ಕಾರ ವಹಿಸಿಕೊಂಡಿತು. ಸ್ವತಂತ್ರ ಭಾರತದ ರೇಡಿಯೋ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಸಂಗೀತ ಕಛೇರಿಗೆ ಹೋಗಲಾಗದವರ ಮನೆಬಾಗಿಲಿಗೆ ಸಂಗೀತ, ಭಾಷಣ, ನಾಟಕ ಬಂದದ್ದಕ್ಕೆ ಒಬ್ಬ ಮೇಷ್ಟ್ರ ಹುಚ್ಚು ಕಾರಣ.

ಇನ್ನು ಕೆಲವರು ಬಸ್ಸು ಹತ್ತಿ ಹಳ್ಳಿಗೇ ಹೋದರು. ಪ್ರಚಾರೋಪನ್ಯಾಸ ಎಂದು ಅದರ ಹೆಸರು. ತಾಲ್ಲೂಕು ಕೇಂದ್ರದ ಶಾಲೆ, ದೇವಸ್ಥಾನದ ಮಂಟಪ, ಗ್ಯಾಸ್‌ಲೈಟಿನ ಬೆಳಕು. ಬೆಂಚಿನ ಮೇಲೆ ಊರ ಹಿರಿಯರು, ಕಿಟಕಿಯಲ್ಲಿ ಹುಡುಗರು. ಮೇಷ್ಟ್ರು ಎದ್ದು ನಿಂತು ಪಂಪನ ಬಗೆಗೋ ರೋಗಗಳ ಬಗೆಗೋ ನಕ್ಷತ್ರಗಳ ಬಗೆಗೋ ತಿಳಿಗನ್ನಡದಲ್ಲಿ ಮಾತಾಡುವರು. ಮಾತಾಡಿದ್ದು ಆಮೇಲೆ ಜೇಬಿಗೆ ಹಿಡಿಯುವ ಪುಟ್ಟ ಪುಸ್ತಕವಾಗಿ, ಕೂಲಿಯವನೂ ಕೊಳ್ಳಬಹುದಾದ ಬೆಲೆಗೆ ಸಿಗುತ್ತಿತ್ತು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಈ ಕೆಲಸಕ್ಕೆ ಪ್ರಸಾರಾಂಗವೆಂಬ ಪ್ರಕಟಣಾ ವಿಭಾಗದ ರೂಪ ಕೊಟ್ಟು ಗಟ್ಟಿ ಮಾಡಿದರು. 1946ರಲ್ಲಿ ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂದಿತ್ತು. ಕೋರ್ಟಿನ ಗುಮಾಸ್ತರಿಂದ ಪತ್ರಿಕೆಯ ಉಪಸಂಪಾದಕರವರೆಗೆ ಎಷ್ಟೋ ಮೇಜುಗಳ ಮೇಲೆ ಅದು ಬೆನ್ನು ಹರಿದುಕೊಂಡು ಬಿದ್ದಿರುತ್ತಿತ್ತು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಬಂತು. ಒಟ್ಟು 14 ಸಂಪುಟ ಮುಗಿಯುವಷ್ಟರಲ್ಲಿ ಒಂದು ತಲೆಮಾರಿನ ಸಂಪಾದಕರಿಗೆ ಕೂದಲು ನರೆತಿತ್ತು.

ಪ್ರಸಾರಾಂಗದ ಪುಸ್ತಕ ಮಾರಾಟದ ಕಡೆ ಒಮ್ಮೆ ಹೋಗಿ ನಿಂತರೆ ಈ ಕೊಡುಕೊಳ್ಳುವಿಕೆ ಕಣ್ಣಿಗೇ ಕಾಣುತ್ತದೆ. ಹೊಸ ಅಚ್ಚಿನ ಶಾಯಿ, ರಟ್ಟಿನ ಗೋಂದು, ಕಟ್ಟು ಬಿಗಿದ ಸೆಣಬಿನ ವಾಸನೆ. ರಿಯಾಯಿತಿಯ ದಿನಗಳಲ್ಲಿ ಹಳ್ಳಿಯ ಶಾಲೆಯ ಮೇಷ್ಟರು ಪಟ್ಟಿ ಹಿಡಿದು ಬರುತ್ತಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿ ಬರುತ್ತಾಳೆ, ಓದಿದ್ದು ಎಂಟನೇ ಕ್ಲಾಸಾದರೂ ಶಾಸನದ ಹುಚ್ಚು ಹತ್ತಿಸಿಕೊಂಡ ರೈತರೂ ಬರುತ್ತಾರೆ. ತಮ್ಮೂರ ಹೊಲದ ಬದಿಯ ವೀರಗಲ್ಲಿನಲ್ಲಿ ಏನಿದೆ ಎಂದು ತಿಳಿಯಲು ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನಮಾಲೆಯ ಸಂಪುಟವೇ ಬೇಕು ಅವರಿಗೆ. “ನಿಮ್ಮ ತಾಲ್ಲೂಕಿನ ಸಂಪುಟ ಮುಗಿದಿದೆ” ಎಂಬ ಉತ್ತರ ಬಂದರೆ ಅವರು ಸುಮ್ಮನೆ ಹಿಂದಿರುಗುವವರಲ್ಲ. “ಮುಗಿದ್ರೆ ಮತ್ತೆ ಅಚ್ಚು ಹಾಕ್ಸಿ ಸ್ವಾಮಿ. ಕಲ್ಲು ನಮ್ಮೂರದ್ದು ತಾನೆ?”

ಆ ಪ್ರಶ್ನೆಯಲ್ಲಿ ಜಗಳವಿಲ್ಲ, ಹಕ್ಕಿದೆ. ಕೆರೆಯ ನೀರು ತಿಳಿಯಾಗಿರಲಿ, ಮ್ಯೂಸಿಯಮ್ಮಿನ ಬಾಗಿಲು ತೆರೆದಿರಲಿ, ಓಲೆಯ ಅಕ್ಷರ ಅಚ್ಚಾಗಿ ಸಿಗಲಿ ಎಂದು ಕೇಳುವವರೆಲ್ಲರ ದನಿಯಲ್ಲೂ ಇರುವುದು ಅದೇ ಹಕ್ಕು. ಘಟಿಕೋತ್ಸವದ ಕರಿ ಗೌನು ತೊಡದವರಿಗೂ ಈ ವಿಶ್ವವಿದ್ಯಾನಿಲಯದಲ್ಲಿ ಪಾಲಿದೆ. ಅವರು ಬಂದು ಕೇಳುತ್ತಿರುವಷ್ಟು ಕಾಲ ಕೊಡುವ ಕೈಗಳಿಗೂ ಕೆಲಸ ತಪ್ಪುವುದಿಲ್ಲ.