ತಾಳ ತಪ್ಪಿದ ಹೃದಯ: ತೂಕ ಇಳಿದರೆ ಚಿಕಿತ್ಸೆಗೂ ಬಲ

ಹೃದಯದ ಬಡಿತ ತಾಳ ತಪ್ಪಿದೆ ಎಂದು ಬರುವ ರೋಗಿಗೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ಮಾತ್ರೆಗೆ ಜಗ್ಗದಿದ್ದರೆ ಅಬ್ಲೇಷನ್ ಎಂಬ ಚಿಕಿತ್ಸೆಯನ್ನು ಸೂಚಿಸುತ್ತಾರೆ. ರೋಗಿ ಎದ್ದು ಹೊರಡುವಾಗ 'ಸ್ವಲ್ಪ ತೂಕವನ್ನೂ ಇಳಿಸಿಕೊಳ್ಳಿ' ಎಂಬ ಮಾತೊಂದು ಕೇಳಿಬರುತ್ತದೆ. ಔಷಧ ಚೀಟಿಯಲ್ಲಿ ಈ ಮಾತಿಗೆ ಜಾಗವಿರುವುದಿಲ್ಲ; ಮನೆ ಸೇರುವಷ್ಟರಲ್ಲಿ ಅದು ಮರೆತೂ ಹೋಗಿರುತ್ತದೆ. ಆದರೆ 2013ರಿಂದೀಚೆಗೆ ಪ್ರಕಟವಾದ ಅಧ್ಯಯನಗಳನ್ನು ಗಮನಿಸಿದರೆ, ಹಾಗೆ ಮರೆತುಹೋಗುವ ಮಾತೇ ಚಿಕಿತ್ಸೆಯ ಫಲವನ್ನು ನಿರ್ಧರಿಸುವ ಪ್ರಮುಖ ಅಂಶಗಳಲ್ಲೊಂದು ಎಂಬುದು ಮನದಟ್ಟಾಗುತ್ತದೆ.

ತಾಳ ತಪ್ಪುವುದೆಂದರೇನು?

ದೀರ್ಘಕಾಲ ಚಿಕಿತ್ಸೆ ಬೇಡುವ ಲಯದೋಷಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಏಟ್ರಿಯಲ್ ಫಿಬ್ರಿಲೇಷನ್. ಆರೋಗ್ಯವಂತ ಹೃದಯದಲ್ಲಿ ಬಲ ಹೃತ್ಕರ್ಣದ ಒಂದು ನಿಶ್ಚಿತ ಜಾಗದಿಂದ ವಿದ್ಯುತ್ ಸಂಕೇತ ಹೊರಟು, ಕ್ರಮಬದ್ಧವಾಗಿ ಕೆಳಗಿನ ಕೋಣೆಗಳನ್ನು ತಲುಪುತ್ತದೆ. ಈ ದೋಷವಿರುವವರಲ್ಲಿ ಮೇಲಿನ ಕೋಣೆಗಳ ತುಂಬ ಸಂಕೇತಗಳು ಅಡ್ಡಾದಿಡ್ಡಿಯಾಗಿ ಹರಿಯುತ್ತವೆ. ಆಗ ಆ ಕೋಣೆಗಳು ಸರಿಯಾಗಿ ಸಂಕುಚಿಸದೆ ಸುಮ್ಮನೆ ಅದುರತೊಡಗುತ್ತವೆ. ಎದೆ ಡವಗುಟ್ಟುವುದು, ಏದುಸಿರು, ಸುಸ್ತು ಇದರ ಲಕ್ಷಣಗಳು. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿನ ರಕ್ತನಾಳವನ್ನು ಸೇರಿದರೆ ಪಾರ್ಶ್ವವಾಯು ಬಡಿಯುತ್ತದೆ. ನಿಜವಾದ ಭಯ ಇರುವುದು ಇಲ್ಲಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಲಯವನ್ನು ಹತೋಟಿಗೆ ತರುವ ಔಷಧಗಳು, ವಿದ್ಯುತ್ ಆಘಾತ ಹಾಗೂ ಅಬ್ಲೇಷನ್ ಇಂದಿನ ಮುಖ್ಯ ಚಿಕಿತ್ಸೆಗಳು. ಲಯ ಕೆಡಿಸುವ ಸಂಕೇತಗಳಲ್ಲಿ ಬಹುಪಾಲು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿ ಹುಟ್ಟುತ್ತವೆ ಎಂಬುದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರ ತಂಡ ತೋರಿಸಿಕೊಟ್ಟಿತು. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯಕ್ಕೆ ಕಳುಹಿಸಿ, ಆ ಜಾಗದ ಸುತ್ತಲಿನ ಅಂಗಾಂಶವನ್ನು ಸುಟ್ಟು ಅಥವಾ ಹೆಪ್ಪುಗಟ್ಟಿಸಿ ಸಂಕೇತದ ದಾರಿಯನ್ನು ಮುಚ್ಚುವುದೇ ಅಬ್ಲೇಷನ್. ಇದರಿಂದ ಬಹಳ ಮಂದಿಗೆ ಗುಣವಾಗಿದೆ. ಆದರೂ ಕೆಲವರಲ್ಲಿ ದೋಷ ಮರುಕಳಿಸಿ, ಎರಡನೆಯ ಬಾರಿ, ಮೂರನೆಯ ಬಾರಿ ಚಿಕಿತ್ಸೆ ಬೇಕಾಗುತ್ತದೆ. ಪ್ರತಿ ಬಾರಿಯೂ ಖರ್ಚು, ಪ್ರತಿ ಬಾರಿಯೂ ಆತಂಕ.

ಬೊಜ್ಜಿಗೂ ಬಡಿತಕ್ಕೂ ನಂಟು

ಎತ್ತರಕ್ಕೆ ತಕ್ಕ ತೂಕವನ್ನು ಅಳೆಯಲು ಬಿಎಂಐ ಎಂಬ ಸೂಚ್ಯಂಕವಿದೆ. ಕಿಲೋಗಳಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 2004ರ ವರದಿಯಂತೆ ಬಿಎಂಐ ಒಂದು ಅಂಕ ಏರಿದರೆ ಈ ಲಯದೋಷ ಬರುವ ಸಾಧ್ಯತೆ ಸುಮಾರು ಶೇ 4ರಷ್ಟು ಏರುತ್ತದೆ. ಎಡ ಹೃತ್ಕರ್ಣದ ಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ ಈ ನಂಟು ಕಾಣದಾಯಿತು. ಅಂದರೆ ಬೊಜ್ಜು ಮುಖ್ಯವಾಗಿ ಆ ಕೋಣೆಯನ್ನು ಹಿಗ್ಗಿಸುವ ಮೂಲಕವೇ ತೊಂದರೆ ಕೊಡುತ್ತದೆ ಎಂದಾಯಿತು.

ದೇಹ ದೊಡ್ಡದಾದಂತೆ ಹೃದಯ ಹೆಚ್ಚು ರಕ್ತವನ್ನು ಪಂಪು ಮಾಡಬೇಕು. ಒತ್ತಡ ಏರಿ ಕೋಣೆ ಹಿಗ್ಗುತ್ತದೆ. ಹೃದಯದ ಹೊರಮೈಯಲ್ಲಿ ಶೇಖರವಾಗುವ ಕೊಬ್ಬು ಸ್ನಾಯುವಿನೊಳಗೂ ನುಸುಳಿ ಉರಿಯೂತ ಉಂಟುಮಾಡಿ, ಅದನ್ನು ನಾರುನಾರಾಗಿಸುತ್ತದೆ. ಇಂತಹ ಸ್ನಾಯುವಿನಲ್ಲಿ ಸಂಕೇತ ಸರಾಗವಾಗಿ ಹರಿಯದು. ಬೊಜ್ಜಿನ ಜತೆಗೇ ಬರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ ಮತ್ತು ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಈ ಹಾನಿಯನ್ನು ಹೆಚ್ಚಿಸುತ್ತವೆ. ಹೀಗಿರುವಾಗ ಸಂಕೇತದ ಒಂದು ದಾರಿಯನ್ನು ಮುಚ್ಚಿದರೂ, ಕೆಟ್ಟ ಸ್ನಾಯು ಇನ್ನೊಂದು ದಾರಿಯನ್ನು ತೆರೆಯುತ್ತದೆ.

ಚಿಕಿತ್ಸೆ ನೀಡುವುದಕ್ಕೂ ತೂಕ ಅಡ್ಡಿಯಾಗುತ್ತದೆ. ಎದೆಯ ಕೊಬ್ಬು ದಪ್ಪವಾಗಿದ್ದರೆ ವಿದ್ಯುತ್ ಆಘಾತದ ಶಕ್ತಿ ಹೃದಯವನ್ನು ಪೂರ್ತಿಯಾಗಿ ಮುಟ್ಟದೆ ಹೋಗಬಹುದು. ಎಕ್ಸ್-ರೇ ನೆರವಿನಿಂದ ಅಬ್ಲೇಷನ್ ಮಾಡುವಾಗ ಸ್ಥೂಲಕಾಯದವರ ದೇಹಕ್ಕೆ ಹೆಚ್ಚು ವಿಕಿರಣ ತಾಗುತ್ತದೆ.

ಅಡಿಲೇಡ್ ಕಲಿಸಿದ ಪಾಠ

ತೂಕ ಇಳಿಸಿದರೆ ಈ ಹಾನಿ ಹಿಮ್ಮೆಟ್ಟುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ವೈದ್ಯರು ಮುಂಚೂಣಿಯಲ್ಲಿದ್ದಾರೆ. 150 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಅವರ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಕಟ್ಟುನಿಟ್ಟಿನ ಮಾರ್ಗದರ್ಶನ ಪಡೆದವರು ಸರಾಸರಿ 14.3 ಕಿಲೋ ಇಳಿದರೆ, ಸಾಮಾನ್ಯ ಸಲಹೆ ಪಡೆದವರು 3.6 ಕಿಲೋ ಇಳಿದರು. ಮೊದಲ ಗುಂಪಿನಲ್ಲಿ ರೋಗದ ಕಾಟ ಗಮನಾರ್ಹವಾಗಿ ತಗ್ಗಿತು.

ಅಬ್ಲೇಷನ್ ಮಾಡಿಸಿಕೊಂಡವರ ಕುರಿತ ವರದಿ 2014ರಲ್ಲಿ ಬಂದಿತು. ತೂಕ, ರಕ್ತದೊತ್ತಡ, ಸಕ್ಕರೆ, ನಿದ್ರೆ, ಮದ್ಯ ಎಲ್ಲವನ್ನೂ ಹತೋಟಿಗೆ ತರುವ ಕಾರ್ಯಕ್ರಮಕ್ಕೆ 61 ಮಂದಿ ಒಪ್ಪಿದರು, 88 ಮಂದಿ ಒಪ್ಪಲಿಲ್ಲ. ಅಗತ್ಯವಿದ್ದಷ್ಟು ಬಾರಿ ಅಬ್ಲೇಷನ್ ಆದ ಮೇಲೆ ಮೊದಲ ಗುಂಪಿನ ಸುಮಾರು ಶೇ 87 ಮಂದಿ ಲಯದೋಷದಿಂದ ಮುಕ್ತರಾಗಿದ್ದರು. ಎರಡನೆಯ ಗುಂಪಿನಲ್ಲಿ ಹಾಗಿದ್ದವರು ಸುಮಾರು ಶೇ 18 ಮಾತ್ರ. 2015ರಲ್ಲಿ ಪ್ರಕಟವಾದ, 355 ಮಂದಿಯ ದೀರ್ಘಾವಧಿ ಅಧ್ಯಯನವು ಇನ್ನೊಂದು ಅಂಶವನ್ನು ಹೊರಗೆಡಹಿತು. ತಮ್ಮ ತೂಕದ ಶೇ 10ರಷ್ಟನ್ನಾದರೂ ಇಳಿಸಿ ಹಾಗೆಯೇ ಉಳಿಸಿಕೊಂಡವರು ಲಯದೋಷವಿಲ್ಲದೆ ಬಾಳುವ ಸಾಧ್ಯತೆ ಇತರರಿಗಿಂತ ಆರು ಪಟ್ಟು ಹೆಚ್ಚಿತ್ತು. ಇಳಿದ ತೂಕ ಮತ್ತೆ ಏರಿ ಇಳಿಯುತ್ತಿದ್ದವರಲ್ಲಿ ಈ ಲಾಭದ ಒಂದು ಪಾಲು ಕರಗಿಹೋಗಿತ್ತು.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 2014ರ ಅಧ್ಯಯನದಲ್ಲಿ ಗುಂಪನ್ನು ಆರಿಸಿಕೊಂಡವರು ರೋಗಿಗಳೇ. ಛಲವುಳ್ಳವರು ಒಂದೇ ಕಡೆ ಸೇರಿರಬಹುದು. ಜರ್ಮನಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಬ್ಲೇಷನ್ ಜತೆಗೆ ತೂಕ ಇಳಿಕೆಯ ಕಾರ್ಯಕ್ರಮ ನೀಡಿದರೂ ಒಟ್ಟಾರೆಯಾಗಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಇಳಿದ ತೂಕವೂ ಅತ್ಯಲ್ಪವಾಗಿತ್ತು. ಒಂದೆರಡು ಕಿಲೋ ಇಳಿಸಿದರೆ ಸಾಲದು ಎಂಬ ಸೂಚನೆಯನ್ನು ಇದರಲ್ಲಿ ಕಾಣಬಹುದು. ಅಮೆರಿಕದ ಹೃದ್ರೋಗ ಸಂಸ್ಥೆಗಳು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಬಿಎಂಐ 27 ದಾಟಿದ ರೋಗಿಗಳಿಗೆ ಕನಿಷ್ಠ ಶೇ 10ರಷ್ಟು ತೂಕ ಇಳಿಸುವ ಗುರಿಯನ್ನು ಶಿಫಾರಸು ಮಾಡಿದೆ.

ನಮ್ಮವರು ಗಮನಿಸಬೇಕಾದುದು

ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಬೊಜ್ಜು ಬೆಳೆಯುವುದರಿಂದ ಇಲ್ಲಿನ ತಜ್ಞರು ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಬಾರದು. ಇನ್ನೊಂದು ಮಾತನ್ನೂ ನೆನಪಿಡಬೇಕು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಲಯ ತಪ್ಪಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ರೋಗದ ಮೂಲ ಕವಾಟದಲ್ಲಿದೆ. ಅವರಿಗೆ ಬೇಕಾದ ಚಿಕಿತ್ಸೆಯೇ ಬೇರೆ. ಥೈರಾಯ್ಡ್ ದೋಷದಿಂದಲೂ ಬಡಿತ ಕೆಡಬಹುದು.

1.70 ಮೀಟರ್ ಎತ್ತರದ, 90 ಕಿಲೋ ತೂಕದ ವ್ಯಕ್ತಿಯ ಬಿಎಂಐ 31. ಆತ ಇಳಿಸಬೇಕಾದುದು 9 ಕಿಲೋ. ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಿ ಮತ್ತೆ ಏರಿಸಿಕೊಳ್ಳುವುದಕ್ಕಿಂತ, ವೈದ್ಯರ ಸಲಹೆಯಂತೆ ಆಹಾರ, ನಡಿಗೆಗಳಲ್ಲಿ ನಿಧಾನವಾಗಿ ಇಳಿಸಿ ಉಳಿಸಿಕೊಳ್ಳುವುದು ಲೇಸು. ಜೋರಾಗಿ ಗೊರಕೆ ಹೊಡೆಯುವವರು ನಿದ್ರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ತೂಕ ಇಳಿಯಿತೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಪಾರ್ಶ್ವವಾಯುವನ್ನು ಆಹ್ವಾನಿಸಿದಂತೆಯೇ ಸರಿ.

ದಪ್ಪಗಿರುವವರನ್ನು ದೂರುವುದರಿಂದ ಯಾರ ಬಡಿತವೂ ಸರಿಹೋಗದು. ತೂಕದ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡುವುದೂ ತರವಲ್ಲ. ಎರಡೂ ಜತೆಜತೆಯಾಗಿ ಸಾಗಬೇಕು. ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ, ಎಷ್ಟು ಕಿಲೋ ಇಳಿಸಬೇಕು, ಹೇಗೆ, ಎಷ್ಟು ತಿಂಗಳಲ್ಲಿ ಎಂಬುದನ್ನೂ ಔಷಧ ಚೀಟಿಯಲ್ಲೇ ಬರೆದುಕೊಡುವಂತೆ ವೈದ್ಯರನ್ನು ಕೇಳಿ.